ಚೆಷೈರ್ ಪಶ್ಚಾತ್ತಾಪ ಪಡಲಿಲ್ಲ

ಯುದ್ಧದಿಂದ ಬಂದವನು ಸೇವೆಗೆ ಇಳಿದ ಅಂದರೆ ನಮ್ಮ ಹತ್ತಿರ ಕಥೆ ಮೊದಲೇ ರೆಡಿ ಇರುತ್ತದೆ. ಕಳಿಂಗದಲ್ಲಿ ಹೆಣದ ರಾಶಿ ನೋಡಿ ಮನಸ್ಸು ಬದಲಿಸಿದ ಅಶೋಕ. ಅಣ್ಣನಿಗೆ ಹೊಡೆಯಲು ಎತ್ತಿದ ಕೈಯನ್ನು ತಡೆದು ತಪಸ್ಸಿಗೆ ಹೊರಟ ಬಾಹುಬಲಿ. ಬುದ್ಧನ ಎದುರು ಕತ್ತಿ ಬಿಸಾಕಿದ ಅಂಗುಲಿಮಾಲ. ಮೊದಲು ಪಾಪ, ಆಮೇಲೆ ಪಶ್ಚಾತ್ತಾಪ, ಕೊನೆಗೆ ಪುಣ್ಯ. ಬೇರೆ ಥರದ ಬದುಕೊಂದು ಎದುರಿಗೆ ಬಂದರೂ ಅದನ್ನು ಎಳೆದು ಇದರೊಳಗೇ ತುರುಕುತ್ತೇವೆ.

ಹಾಗೆ ಸಿಕ್ಕಿಹಾಕಿಕೊಂಡವರಲ್ಲಿ ಲಿಯೊನಾರ್ಡ್ ಚೆಷೈರ್ ಒಬ್ಬರು. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಓಡಾಡುವವರು ಚೆಷೈರ್ ಹೋಮ್ ಹೆಸರು ಕೇಳಿರುತ್ತೀರಿ. ಅಂಗವಿಕಲರ ಮನೆ ಅದು. ಆ ಹೆಸರು ಎರಡನೇ ಮಹಾಯುದ್ಧದ ಒಬ್ಬ ಬ್ರಿಟಿಷ್ ಬಾಂಬರ್ ಪೈಲಟ್‌ನದು. ನಾಗಸಾಕಿ ಮೇಲೆ ಅಣುಬಾಂಬ್ ಬಿದ್ದಾಗ ಆಕಾಶದಿಂದ ಅದನ್ನು ನೋಡಿದವರು. ಇಷ್ಟು ಹೇಳಿದರೆ ಸಾಕು, ಮುಂದಿನ ವಾಕ್ಯವನ್ನು ಕೇಳುತ್ತಿರುವವರೇ ಮುಗಿಸಿಬಿಡುತ್ತಾರೆ: "ಓ, ಅದನ್ನು ನೋಡಿ ಮನಸ್ಸು ಕರಗಿ ಇದೆಲ್ಲ ಶುರು ಮಾಡಿದ್ರಾ?"

ಇಲ್ಲ. ಅವರ ವಿಷಯ ಹಾಗಲ್ಲ. ಅದಕ್ಕೇ ನನಗೆ ಅವರ ಬದುಕು ಇಷ್ಟ. ಪೂರ್ತಿ ಒಪ್ಪುತ್ತೇನೆ ಅಂತಲ್ಲ, ಇಷ್ಟ ಅಷ್ಟೇ.

ಹುಟ್ಟಿದ್ದು 1917ರಲ್ಲಿ. ಅಪ್ಪ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಪ್ರೊಫೆಸರ್. ನಮ್ಮಲ್ಲಿ ಕಾನೂನು ಓದಿದ ಹಳಬರಿಗೆ ಮಗನಿಗಿಂತ ಅಪ್ಪನ ಹೆಸರೇ ಜಾಸ್ತಿ ಪರಿಚಯ, ಕರಾರು ಕಾನೂನಿನ ಪಠ್ಯದಲ್ಲಿ ಬರುವ ಚೆಷೈರ್ ಅವರೇ. ಮಗನೂ ಆಕ್ಸ್‌ಫರ್ಡ್‌ನಲ್ಲಿ ಕಾನೂನೇ ಓದಿದ್ದು. ಆದರೆ ಓದಿಗಿಂತ ವೇಗದ ಕಾರು, ಪಾರ್ಟಿ, ಸಾಲ ಇದರಲ್ಲೇ ಆಸಕ್ತಿ. ಯುನಿವರ್ಸಿಟಿಯ ವಾಯುಪಡೆ ಘಟಕದಲ್ಲಿ ವಿಮಾನ ಹಾರಿಸಲು ಕಲಿತರು. ಅಷ್ಟರಲ್ಲಿ ಯುದ್ಧ ಬಂತು.

1940ರ ನವೆಂಬರ್‌ನಲ್ಲಿ ಕಲೋನ್ ನಗರದ ಮೇಲೆ ಹೋದಾಗ ವಿಮಾನಕ್ಕೆ ಕೆಳಗಿನಿಂದ ಗುಂಡು ಬಡಿದು, ಒಳಗಿದ್ದ ಬೆಳಕಿನ ಫ್ಲೇರ್ ಸಿಡಿಯಿತು. ವಿಮಾನದ ಒಂದು ಪಕ್ಕವೇ ಹರಿದುಹೋಯಿತು, ಒಳಗೆ ಬೆಂಕಿ. ಅದನ್ನೇ ಇಂಗ್ಲೆಂಡಿಗೆ ವಾಪಸ್ ಹಾರಿಸಿಕೊಂಡು ಬಂದರು. ಆಗ ವಯಸ್ಸು 23. ಮರುವರ್ಷ, ಪೈಲಟ್ ಆಗಿದ್ದ ತಮ್ಮನ ವಿಮಾನ ಜರ್ಮನಿಯಲ್ಲಿ ಬಿದ್ದು ಅವನು ಸೆರೆಯಾದ. ಇವರು ಹಾರುವುದು ನಿಲ್ಲಿಸಲಿಲ್ಲ.

ಬ್ರಿಟಿಷ್ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಜನ. ಸತ್ತವರು 55,573. ಅಂದರೆ ನೂರಕ್ಕೆ 44 ಜನ. ಒಂದು ಸುತ್ತಿಗೆ 30 ಹಾರಾಟ, ಅಷ್ಟು ಮುಗಿಸಿ ಬದುಕಿದರೆ ಸ್ವಲ್ಪ ಕಾಲ ವಿಶ್ರಾಂತಿ. ಚೆಷೈರ್ ನಾಲ್ಕು ಸುತ್ತು ಮಾಡಿದರು, ನೂರು ಹಾರಾಟ. 25ನೇ ವಯಸ್ಸಿಗೆ ಗ್ರೂಪ್ ಕ್ಯಾಪ್ಟನ್ ಆಗಿ ಆಫೀಸಿನ ಕುರ್ಚಿ ಸಿಕ್ಕಿತ್ತು. ಅಲ್ಲಿ ಕೂರಲಾಗದೆ, ಒಂದು ಹುದ್ದೆ ಕೆಳಗಿಳಿಯಲು ಒಪ್ಪಿ 1943ರ ಕೊನೆಗೆ 617ನೇ ಸ್ಕ್ವಾಡ್ರನ್ ನಾಯಕನಾಗಿ ಮತ್ತೆ ವಿಮಾನ ಹತ್ತಿದರು. ಬಡ್ತಿಗೋಸ್ಕರ ಎಷ್ಟು ವರ್ಷ ಬೇಕಾದರೂ ಕಾಯುವ ನಮ್ಮ ಸರ್ಕಾರಿ ಆಫೀಸುಗಳಿಗೆ ಇದು ಅರ್ಥ ಆಗೋದು ಕಷ್ಟ.

ಅವರ ಯುದ್ಧಕಾಲದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ರಾತ್ರಿ ಒಂದಿದೆ. 1944ರ ಫೆಬ್ರವರಿ 8. ಫ್ರಾನ್ಸಿನ ಲಿಮೋಜ್‌ನಲ್ಲಿ ಜರ್ಮನ್ನರ ಕೈಯಲ್ಲಿದ್ದ ವಿಮಾನ ಎಂಜಿನ್ ಕಾರ್ಖಾನೆಗೆ ಬಾಂಬ್ ಹಾಕಬೇಕಿತ್ತು. ಒಳಗೆ ರಾತ್ರಿ ಪಾಳಿಯಲ್ಲಿ ನೂರಾರು ಫ್ರೆಂಚ್ ಹೆಣ್ಣುಮಕ್ಕಳು. ಚೆಷೈರ್ ತಮ್ಮ ದೊಡ್ಡ ಲ್ಯಾಂಕಾಸ್ಟರ್ ವಿಮಾನವನ್ನು ಛಾವಣಿಗೆ ತಾಗುವಂತೆ ಕೆಳಗಿಳಿಸಿ ಕಾರ್ಖಾನೆಯ ಮೇಲೆ ಮೂರು ಸಲ ಹಾರಿಸಿದರು. ಬಾಂಬ್ ಹಾಕಲಿಲ್ಲ, ಸುಮ್ನೆ ಸದ್ದು ಮಾಡಿದರು. ಓಡಿಹೋಗಿ ಅಂತ. ಹೆಂಗಸರು ಹೊರಗೆ ಓಡಿದರು. ನಾಲ್ಕನೇ ಸಲ ಬಂದಾಗ ಗುರುತಿನ ಬೆಂಕಿ ಹಾಕಿದರು. ಹಿಂದೆ ಬಂದ ವಿಮಾನಗಳು ಕಾರ್ಖಾನೆಯನ್ನು ಪುಡಿ ಮಾಡಿದವು.

ಇದನ್ನು ಓದಿ "ಎಂಥಾ ಮನುಷ್ಯ!" ಅನ್ನುವುದು ಸುಲಭ. ನಾನೂ ಅಂದೆ. ಆದರೆ ಅದೇ ಮನುಷ್ಯ ಜರ್ಮನ್ ನಗರಗಳ ಮೇಲೆ ಹೋದಾಗ ಅಂಥ ಎಚ್ಚರಿಕೆ ಯಾರಿಗೂ ಸಿಗಲಿಲ್ಲ. ಕಲೋನ್‌ನಲ್ಲೂ ಹೆಂಗಸರಿದ್ದರು, ಮಕ್ಕಳಿದ್ದರು. ಲಿಮೋಜ್ ಕಥೆ ಹೇಳಿ ಕಲೋನ್ ಬಿಟ್ಟರೆ ಅದು ಅರ್ಧ ಸುಳ್ಳು. ಹಿಟ್ಲರನನ್ನು ನಿಲ್ಲಿಸಬೇಕಿತ್ತು, ಅದಕ್ಕೆ ತಮಗೆ ಗೊತ್ತಿದ್ದ ದಾರಿ ಇದು ಅನ್ನುವುದು ಅವರ ನಿಲುವು. ಆ ನಿಲುವಿನಿಂದ ಕೊನೆಯವರೆಗೂ ಕದಲಲಿಲ್ಲ.

1944ರ ಸೆಪ್ಟೆಂಬರ್‌ನಲ್ಲಿ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಸಾಮಾನ್ಯವಾಗಿ ಅದು ಒಂದು ಗಳಿಗೆಯ ಸಾಹಸಕ್ಕೆ ಕೊಡುವ ಪದಕ. ಇವರಿಗೆ ನಾಲ್ಕು ವರ್ಷ ಬಿಡದೆ ಮಾಡಿದ ಕೆಲಸಕ್ಕೆ ಕೊಟ್ಟರು. ಯುದ್ಧ ಮುಗಿದ ಮೇಲೆ ಅರಮನೆಯಲ್ಲಿ ಇವರ ಜೊತೆ ಅದೇ ಪದಕ ತೆಗೆದುಕೊಳ್ಳಲು ಬಂದಿದ್ದ ಇನ್ನೊಬ್ಬರು ನಾರ್ಮನ್ ಜಾಕ್ಸನ್. ಹಾರುತ್ತಿದ್ದ ವಿಮಾನದ ರೆಕ್ಕೆಗೆ ಹತ್ತಿದ ಬೆಂಕಿ ಆರಿಸಲು ಹೊರಗೆ ತೆವಳಿದ್ದ ಸಾರ್ಜೆಂಟ್. ಇವನು ನನಗಿಂತ ದೊಡ್ಡ ಕೆಲಸ ಮಾಡಿದ್ದಾನೆ, ಮೊದಲು ಇವನಿಗೆ ಕೊಡಿ ಅಂತ ಚೆಷೈರ್ ರಾಜನನ್ನೇ ಕೇಳಿದ್ದನ್ನು ಜಾಕ್ಸನ್ ಆಮೇಲೆ ನೆನಪಿಸಿಕೊಂಡಿದ್ದಾರೆ. ನಿಯಮ ಬಿಡಲಿಲ್ಲ, ಹುದ್ದೆಯಲ್ಲಿ ದೊಡ್ಡವರಿಗೇ ಮೊದಲು.

ಈಗ ನಾಗಸಾಕಿ. 1945ರ ಆಗಸ್ಟ್ 9ರಂದು ಬ್ರಿಟನ್ ಪರವಾಗಿ ನೋಡಲು ಹೋದ ಇಬ್ಬರಲ್ಲಿ ಚೆಷೈರ್ ಒಬ್ಬರು. ಇನ್ನೊಬ್ಬರು ವಿಜ್ಞಾನಿ ವಿಲಿಯಂ ಪೆನ್ನಿ. ಇವರಿದ್ದ ವಿಮಾನ ಉಳಿದವುಗಳ ಜೊತೆ ಸೇರಬೇಕಾದ ಜಾಗದಲ್ಲಿ ಸೇರಲಿಲ್ಲ. ಹಾಗಾಗಿ ಹತ್ತಾರು ಮೈಲಿ ದೂರದಿಂದ ಬೆಳಕು ಕಂಡರು, ಮೇಲೇಳುವ ಹೊಗೆ ಕಂಡರು. ಆ ವರ್ಷ ಮುಗಿಯುವಷ್ಟರಲ್ಲಿ ಸುಮಾರು 70 ಸಾವಿರ ಜನ ಸತ್ತಿದ್ದರು. ಬಾಂಬ್ ಬಿದ್ದದ್ದು ಉರಕಾಮಿ ಕಣಿವೆಯಲ್ಲಿ, ಜಪಾನಿನ ಕ್ಯಾಥೊಲಿಕರು ತಲೆಮಾರುಗಳಿಂದ ಕದ್ದುಮುಚ್ಚಿ ಧರ್ಮ ಉಳಿಸಿಕೊಂಡಿದ್ದ ಜಾಗದಲ್ಲಿ. ಅಲ್ಲಿನ ದೊಡ್ಡ ಚರ್ಚೂ ಹೋಯಿತು, ಸಾವಿರಾರು ಭಕ್ತರೂ ಹೋದರು. ಮೂರು ವರ್ಷದ ನಂತರ ಚೆಷೈರ್ ಸೇರಿದ್ದು ಅದೇ ಕ್ಯಾಥೊಲಿಕ್ ಪಂಥಕ್ಕೆ.

ಕಥೆ ಕಟ್ಟುವವರಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಚೆಷೈರ್ ಸಹಾಯ ಮಾಡಲಿಲ್ಲ. ಆ ಬಾಂಬ್ ಯುದ್ಧ ನಿಲ್ಲಿಸಿತು, ಇನ್ನೂ ಸಾಯಬೇಕಿದ್ದ ಲಕ್ಷಾಂತರ ಜನರನ್ನು ಉಳಿಸಿತು ಅಂತಲೇ ಕೊನೆಯವರೆಗೂ ಹೇಳಿದರು. 1980ರ ದಶಕದಲ್ಲಿ ಅಣ್ವಸ್ತ್ರ ವಿರೋಧಿ ಮೆರವಣಿಗೆಗಳು ಜೋರಾಗಿದ್ದಾಗಲೂ ಅವರು ಆ ಕಡೆ ಹೋಗಲಿಲ್ಲ. ತಪ್ಪಿತಸ್ಥ ಮನಸ್ಸಿನಿಂದ ಸೇವೆಗೆ ಇಳಿದೆ ಅನ್ನುವ ಮಾತನ್ನು ನೇರವಾಗಿ ತಳ್ಳಿಹಾಕಿದರು.

ನಾಗಸಾಕಿ ವಿಷಯದಲ್ಲಿ ನನಗೆ ಅವರ ಮಾತು ಒಪ್ಪಿಗೆ ಇಲ್ಲ. ಹಿರೋಷಿಮಾ ಆಗಿ ಮೂರೇ ದಿನಕ್ಕೆ ಇನ್ನೊಂದು ಊರು ಸುಡಬೇಕಿತ್ತಾ ಅನ್ನುವ ಪ್ರಶ್ನೆಗೆ ಅವರ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ. ಆದರೆ ಅವರು ಹೇಳದೇ ಇದ್ದದ್ದನ್ನು ಅವರ ಬಾಯಲ್ಲಿ ಹಾಕುವುದು ಬೇರೆ ವಿಷಯ.

ಹಾಗಾದರೆ ಸೇವೆ ಎಲ್ಲಿಂದ ಶುರುವಾಯಿತು? ನಿಜ ಹೇಳಬೇಕೆಂದರೆ, ಒಂದು ಸೋಲಿನಿಂದ. ಯುದ್ಧ ಮುಗಿದ ಮೇಲೆ ಕೆಲಸವಿಲ್ಲದ ಮಾಜಿ ಸೈನಿಕರು, ಅವರ ಮನೆಯವರು ಒಟ್ಟಿಗೆ ಬದುಕುವ ಒಂದು ವಸಾಹತು ಕಟ್ಟಲು ಹೋದರು. ಹ್ಯಾಂಪ್‌ಶೈರ್‌ನಲ್ಲಿ ಲೆ ಕೋರ್ಟ್ ಅನ್ನುವ ದೊಡ್ಡ ಹಳೇ ಬಂಗಲೆ ತೆಗೆದುಕೊಂಡರು. ಜಗಳ, ಸಾಲ, ಅವ್ಯವಸ್ಥೆ. ಎಲ್ಲ ಬಿದ್ದುಹೋಯಿತು. ಒಬ್ಬೊಬ್ಬರೇ ಬಿಟ್ಟು ಹೋದರು. ಖಾಲಿ ಬಂಗಲೆ, ತಲೆ ಮೇಲೆ ಸಾಲ.

1948ರಲ್ಲಿ ಆಸ್ಪತ್ರೆಯಿಂದ ಒಂದು ಫೋನ್. ಆ ವಸಾಹತಿನಲ್ಲಿ ಹಿಂದೆ ಇದ್ದ ಆರ್ಥರ್ ಡೈಕ್ಸ್ ಅನ್ನುವವರಿಗೆ ಕ್ಯಾನ್ಸರ್. ಇನ್ನು ಏನೂ ಮಾಡುವಂತಿಲ್ಲ, ಹಾಸಿಗೆ ಬೇಕು, ಬೇರೆ ಎಲ್ಲಿಗಾದರೂ ಕರೆದುಕೊಂಡು ಹೋಗಿ ಅಂದರು. ನಮ್ಮಲ್ಲೂ ದೊಡ್ಡ ಆಸ್ಪತ್ರೆಗಳ ಕಾರಿಡಾರಿನಲ್ಲಿ ದಿನಾ ಕೇಳುವ ಮಾತೇ ಅಲ್ವಾ, "ಮನೆಗೆ ಕರ್ಕೊಂಡ್ ಹೋಗಿ" ಅನ್ನೋದು? ಡೈಕ್ಸ್‌ಗೆ ಮನೆ ಇರಲಿಲ್ಲ. ಚೆಷೈರ್ ಬೇರೆ ಜಾಗ ಹುಡುಕಿದರು, ಸಿಗಲಿಲ್ಲ. ಕೊನೆಗೆ ಅವರನ್ನು ಲೆ ಕೋರ್ಟ್‌ಗೇ ಕರೆತಂದರು. ಕಾಯಿಲೆ ಏನು, ಎಷ್ಟು ದೂರ ಬಂದಿದೆ ಅನ್ನುವುದನ್ನು ಅವರಿಗೆ ತಿಳಿಸಿದ್ದೂ ಚೆಷೈರ್ ಅವರೇ. ಅಡುಗೆ ಮಾಡಿದರು, ಬಟ್ಟೆ ಒಗೆದರು, ಬೆಡ್‌ಪ್ಯಾನ್ ತೊಳೆದರು. ನರ್ಸಿಂಗ್ ಗೊತ್ತಿರಲಿಲ್ಲ, ಮಾಡುತ್ತಾ ಕಲಿತರು. ಅಷ್ಟರಲ್ಲಿ ತೊಂಬತ್ತು ದಾಟಿದ ಇನ್ನೊಬ್ಬ ಅಜ್ಜಿಗೂ ಜಾಗ ಬೇಕಾಯಿತು. ಆಗಸ್ಟ್‌ನಲ್ಲಿ ಡೈಕ್ಸ್ ತೀರಿಕೊಂಡರು. ಆಮೇಲೆ ಬರುವವರು ನಿಲ್ಲಲಿಲ್ಲ. ಒಂದು ವರ್ಷದಲ್ಲಿ ಬಂಗಲೆ ತುಂಬಿತು.

ಇಷ್ಟೇ. ದೊಡ್ಡ ದರ್ಶನ ಇಲ್ಲ, ಬೋಧಿವೃಕ್ಷ ಇಲ್ಲ. ಒಬ್ಬ ಮನುಷ್ಯನಿಗೆ ಸಾಯಲು ಜಾಗ ಇರಲಿಲ್ಲ, ಇವರ ಹತ್ತಿರ ಖಾಲಿ ಮನೆ ಇತ್ತು.

ನಮ್ಮ ದೊಡ್ಡಪ್ಪ ಒಬ್ಬರು ಸೇನೆಯಲ್ಲಿ ಡ್ರೈವರ್ ಆಗಿದ್ದರು. ನಿವೃತ್ತಿ ಆಗಿ ಊರಿಗೆ ಬಂದ ಮೇಲೆ ಸುತ್ತಲಿನ ಸೈನಿಕರ ವಿಧವೆಯರ ಪಿಂಚಣಿ ಕಾಗದಗಳೆಲ್ಲ ಅವರ ಜಗುಲಿಗೇ ಬರುತ್ತಿದ್ದವು. ಯಾವ ಫಾರಂ, ಯಾರ ಸಹಿ, ಯಾವ ದಾಖಲೆ, ಎಲ್ಲ ಅವರಿಗೆ ಬಾಯಿಪಾಠ. ಯಾಕೆ ಇಷ್ಟೆಲ್ಲ ಮಾಡ್ತೀರಿ ಅಂತ ಕೇಳಿದರೆ "ನನಗೆ ಗೊತ್ತಲ್ಲ, ಅದಕ್ಕೆ" ಅನ್ನುತ್ತಿದ್ದರು. ಅದರ ಹಿಂದೆ ಯಾವ ಯುದ್ಧದ ಗಾಯ ಇದೆ ಅಂತ ಹುಡುಕಿದ್ದರೆ ನಕ್ಕುಬಿಡುತ್ತಿದ್ದರೇನೋ. ಸೇನೆ ಕಲಿಸುವುದರಲ್ಲಿ ಇದೂ ಒಂದು: ಪಕ್ಕದವನು ಬಿದ್ದರೆ ಎತ್ತುವುದು, ಎತ್ತಲು ಬೇಕಾದ ವ್ಯವಸ್ಥೆ ಮಾಡುವುದು. ಚೆಷೈರ್ ತಮ್ಮ ಸ್ಕ್ವಾಡ್ರನ್‌ನಲ್ಲಿ ವಿಮಾನ ರಿಪೇರಿ ಮಾಡುವ ಕೆಳಗಿನ ಹುಡುಗರ ಹೆಸರನ್ನೂ ನೆನಪಿಟ್ಟುಕೊಳ್ಳುತ್ತಿದ್ದರು. ಆ ಪೈಲಟ್ಟೇ ಲೆ ಕೋರ್ಟ್‌ನಲ್ಲಿ ಬೆಡ್‌ಪ್ಯಾನ್ ಹಿಡಿದದ್ದು. ಮನುಷ್ಯ ಬದಲಾಗಿರಲಿಲ್ಲ.

ಆದರೆ ನಂಬಿಕೆ ಬದಲಾಯಿತು, ಅದು ನಿಜ. ಯುದ್ಧಕಾಲದಲ್ಲಿ ದೇವರ ಬಗ್ಗೆ ಅವರಿಗೆ ಹೆಚ್ಚು ಯೋಚನೆ ಇರಲಿಲ್ಲ. ಲಂಡನ್ನಿನ ಒಂದು ಬಾರ್‌ನಲ್ಲಿ ಮಾತು ದೇವರ ಕಡೆ ತಿರುಗಿತಂತೆ. ದೇವರು ಅಂದರೆ ಒಳಗಿನ ಮನಸ್ಸಾಕ್ಷಿ ಅಷ್ಟೇ ಅಂತ ಇವರು ದೊಡ್ಡದಾಗಿ ಹೇಳಿದಾಗ, ಜೊತೆಗಿದ್ದ ಹೆಂಗಸೊಬ್ಬರು ಅದು ಬರೀ ಹರಟೆ, ದೇವರು ಒಬ್ಬ ವ್ಯಕ್ತಿ, ನಿಮಗೂ ಅದು ಗೊತ್ತು ಅಂದುಬಿಟ್ಟರು. ಚೆಷೈರ್ ಆ ಮಾತನ್ನು ಮರೆಯಲಿಲ್ಲ. ಡೈಕ್ಸ್ ಕ್ಯಾಥೊಲಿಕ್ ಆಗಿದ್ದವರು, ಕೊನೆಗಾಲದಲ್ಲಿ ಮತ್ತೆ ತಮ್ಮ ನಂಬಿಕೆಗೆ ಮರಳಿದ್ದರು. ಅವರು ತೀರಿಕೊಂಡ ರಾತ್ರಿ ಅಲ್ಲಿದ್ದ ಒಂದು ಪುಸ್ತಕ ಚೆಷೈರ್ ಕೈಗೆ ಬಂತು. 1948ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ, ಅವರು ಕ್ಯಾಥೊಲಿಕ್ ಆದರು.

ಧರ್ಮ ಬದಲಿಸಿದವರ ಹುರುಪು ಅವರಲ್ಲೂ ಇತ್ತು. ಇಟಲಿಯ ಟ್ಯೂರಿನ್‌ನಲ್ಲಿರುವ, ಕ್ರಿಸ್ತನ ಮೈಗೆ ಸುತ್ತಿದ್ದು ಎಂದು ನಂಬುವ ಬಟ್ಟೆಯ ಮೇಲೆ ಅಪಾರ ಭಕ್ತಿ. 1955ರಲ್ಲಿ ಕಾಯಿಲೆಯ ಒಬ್ಬ ಪುಟ್ಟ ಹುಡುಗಿಯನ್ನು ಅದರ ದರ್ಶನಕ್ಕೆ ಕರೆದುಕೊಂಡು ಹೋದರು. ಆ ಬಟ್ಟೆ ನಿಜವಾಗಿ ಎಷ್ಟು ಹಳೆಯದು ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ಚೆನ್ನಾಗಿರುವ ವಿಷಯ ಏನಪ್ಪಾ ಅಂದರೆ, ಇಷ್ಟು ಭಕ್ತಿ ಇದ್ದವರು ತಮ್ಮ ಮನೆಗಳ ಬಾಗಿಲಲ್ಲಿ ನೀವು ಯಾವ ಧರ್ಮ ಅಂತ ಕೇಳಲಿಲ್ಲ.

ನಡುವೆ ಕ್ಷಯ ಬಂತು. 1952ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಸ್ಯಾನಟೋರಿಯಂನಲ್ಲಿ. ಆಪರೇಷನ್ ಮೇಲೆ ಆಪರೇಷನ್, ಶ್ವಾಸಕೋಶದ ಭಾಗ ಹೋಯಿತು, ಪಕ್ಕೆಲುಬು ಹೋದವು. ಹಾಸಿಗೆಯಿಂದಲೇ ಕಾಗದ ಬರೆದು ಬರೆದು ಹೊಸ ಮನೆಗಳ ಕೆಲಸ ನಡೆಸಿದರು. ದುಡ್ಡು ಕೂಡಿಸಿ ಆಮೇಲೆ ಶುರು ಮಾಡೋಣ ಅನ್ನುವ ಜಾಯಮಾನ ಅಲ್ಲ. ಶುರು ಮಾಡಿಬಿಡುವುದು, ದುಡ್ಡು ಬರುತ್ತದೆ. ಲೆಕ್ಕ ನೋಡುವವರಿಗೆ ಇಂಥವರ ಜೊತೆ ಎಂಥ ತಲೆನೋವು ಅಂತ ಊಹಿಸಬಹುದು.

ಚೇತರಿಸಿಕೊಂಡವರೇ ಹೊರಟಿದ್ದು ಭಾರತಕ್ಕೆ. 1956ರಲ್ಲಿ ಬಾಂಬೆಯ ಅಂಧೇರಿಯಲ್ಲಿ ಮೊದಲ ಮನೆ. ಆಗಿನ ಅಂಧೇರಿ ಈಗಿನ ಅಂಧೇರಿ ಅಲ್ಲ, ಊರಾಚೆ. ಹೊರಗಿನಿಂದ ದುಡ್ಡು ತಂದು ಇವರೇ ನಡೆಸಲಿಲ್ಲ. ಊರಿನವರದೇ ಒಂದು ಕಮಿಟಿ, ಊರಿನಲ್ಲೇ ಎತ್ತುವ ದುಡ್ಡು, ಊರಿನವರದೇ ಜವಾಬ್ದಾರಿ. ಸಾಹೇಬರು ಹೋದ ಮೇಲೂ ನಮ್ಮ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆಗಳು ಉಳಿದುಕೊಂಡದ್ದು ಇದರಿಂದಲೇ ಅಂತ ನನ್ನ ಅನಿಸಿಕೆ. ಬೆಂಗಳೂರಿನದ್ದು ಅದರಲ್ಲಿ ಒಂದು.

ಮದುವೆಯೂ ಇಲ್ಲೇ. ಯುದ್ಧದಲ್ಲಿ ಅಮೆರಿಕದ ನಟಿಯೊಬ್ಬರ ಜೊತೆ ಆಗಿದ್ದ ಮೊದಲ ಮದುವೆ ಉಳಿದಿರಲಿಲ್ಲ. 1959ರ ಏಪ್ರಿಲ್‌ನಲ್ಲಿ ಬಾಂಬೆಯಲ್ಲಿ ಸ್ಯೂ ರೈಡರ್ ಅವರನ್ನು ಮದುವೆಯಾದರು. ಸ್ಯೂ ಅವರದೇ ಒಂದು ದೊಡ್ಡ ಕಥೆ. ಯುದ್ಧದಲ್ಲಿ ಪೋಲೆಂಡಿನ ಗುಪ್ತ ಹೋರಾಟಗಾರರ ಜೊತೆ ಕೆಲಸ ಮಾಡಿ, ಆಮೇಲೆ ನಾಜಿ ಶಿಬಿರಗಳಿಂದ ಬದುಕಿ ಬಂದವರಿಗೋಸ್ಕರ ಬದುಕು ಇಟ್ಟವರು. ಅದೇ ವರ್ಷ ಇಬ್ಬರೂ ಸೇರಿ ಡೆಹ್ರಾಡೂನಿನಲ್ಲಿ ರಾಫೆಲ್ ಶುರು ಮಾಡಿದರು. ಕುಷ್ಠರೋಗ ಬಂದವರು, ಬುದ್ಧಿ ಬೆಳೆಯದ ಮಕ್ಕಳು, ಯಾರೂ ಹತ್ತಿರ ಸೇರಿಸದವರೇ ಅಲ್ಲಿಗೆ ಬಂದರು.

ಇಲ್ಲಿಗೆ ನಿಲ್ಲಿಸಿದರೆ ಇದು ಸೊಗಸಾದ ಪುಣ್ಯಕಥೆ. ಆದರೆ ಪಾಲ್ ಹಂಟ್ ಬಗ್ಗೆ ಹೇಳದೆ ಚೆಷೈರ್ ಬಗ್ಗೆ ಬರೆಯಬಾರದು.

ಪಾಲ್ ಹಂಟ್ ಸ್ನಾಯು ಸೊರಗುವ ಕಾಯಿಲೆಯ ಹುಡುಗ. 1956ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ ಲೆ ಕೋರ್ಟ್‌ಗೆ ಬಂದ. ಬಂದು ಕೃತಜ್ಞನಾಗಿ ಕೈ ಮುಗಿದು ಕೂರಲಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಮಲಗಬೇಕು ಅಂತ ಹೇಳಲು ನೀವ್ಯಾರು ಅಂತ ಕೇಳಿದ. ಕಮಿಟಿಯಲ್ಲಿ ನಮ್ಮವರು ಯಾಕಿಲ್ಲ ಅಂತ ಕೇಳಿದ. ಅಲ್ಲಿನ ನಿವಾಸಿಗಳು ವರ್ಷಗಟ್ಟಲೆ ಆಡಳಿತದ ಜೊತೆ ಗುದ್ದಾಡಿದರು. 1972ರಲ್ಲಿ ಹಂಟ್ ಪತ್ರಿಕೆಗೆ ಒಂದು ಕಾಗದ ಬರೆದು, ಸಂಸ್ಥೆಗಳಲ್ಲಿ ಬಂದಿಯಾಗಿರುವ ಅಂಗವಿಕಲರೆಲ್ಲ ಒಟ್ಟಾಗೋಣ ಅಂತ ಕರೆ ಕೊಟ್ಟರು. ಅದರಿಂದ ಹುಟ್ಟಿದ ಗುಂಪು 1976ರಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಬರೆದಿಟ್ಟಿತು: ನಮ್ಮನ್ನು ಕಟ್ಟಿಹಾಕಿರುವುದು ನಮ್ಮ ದೇಹ ಅಲ್ಲ, ನಮ್ಮನ್ನು ಹೊರಗಿಟ್ಟು ಕಟ್ಟಿದ ಸಮಾಜ. ಮೆಟ್ಟಿಲು ಹತ್ತಲಾರದವನಲ್ಲ ತೊಂದರೆ, ಬರೀ ಮೆಟ್ಟಿಲು ಕಟ್ಟಿದವನು ತೊಂದರೆ. ಇವತ್ತು ಜಗತ್ತಿನ ಅಂಗವಿಕಲ ಹಕ್ಕುಗಳ ಚಳವಳಿ ನಿಂತಿರುವುದು ಬಹುಪಾಲು ಈ ಯೋಚನೆಯ ಮೇಲೆ. ವಿಶ್ವಸಂಸ್ಥೆಯ 2006ರ ಒಪ್ಪಂದದಲ್ಲೂ, ಅದಕ್ಕೆ ಸಹಿ ಹಾಕಿದ ನಾವು 2016ರಲ್ಲಿ ಮಾಡಿದ ಕಾಯ್ದೆಯಲ್ಲೂ ಅದರ ನೆರಳಿದೆ.

1979ರಲ್ಲಿ ಅದೇ ಲೆ ಕೋರ್ಟ್‌ನ ಕೆಲವರು ಇನ್ನೂ ಮುಂದೆ ಹೋದರು. ನಮ್ಮನ್ನು ಇಲ್ಲಿ ಇಟ್ಟುಕೊಳ್ಳಲು ಖರ್ಚು ಮಾಡುವ ದುಡ್ಡನ್ನು ನಮಗೇ ಕೊಡಿ, ನಾವು ಮನೆ ಮಾಡಿಕೊಂಡು ಸಹಾಯಕರನ್ನು ನಾವೇ ಇಟ್ಟುಕೊಳ್ಳುತ್ತೇವೆ ಅಂತ ಸ್ಥಳೀಯ ಆಡಳಿತದ ಹತ್ತಿರ ಚೌಕಾಸಿಗೆ ಕೂತರು. ಗೆದ್ದರು. ಬ್ರಿಟನ್ನಿನಲ್ಲಿ ಅಂಗವಿಕಲರು ಸ್ವತಂತ್ರವಾಗಿ ಬದುಕುವ ಚಳವಳಿ ಶುರುವಾದದ್ದು ಹೀಗೆ. ಲೆ ಕೋರ್ಟ್ 2007ರಲ್ಲಿ ಮುಚ್ಚಿತು.

ನನ್ನ ಕೇಳಿದರೆ ಲೆ ಕೋರ್ಟ್ ಕೊಟ್ಟ ದೊಡ್ಡ ಫಲ ಇದೇ. ಚೆಷೈರ್ ಇದನ್ನು ಯೋಜಿಸಿರಲಿಲ್ಲ. ಆದರೆ 1948ರಲ್ಲಿ ಆ ಬಾಗಿಲು ತೆರೆಯದೇ ಇದ್ದಿದ್ದರೆ ಈ ಜನ ಯಾವುದೋ ಆಸ್ಪತ್ರೆಯ ವೃದ್ಧರ ವಾರ್ಡಿನ ಮೂಲೆಯಲ್ಲಿ ಒಬ್ಬೊಬ್ಬರೇ ಕೊಳೆಯುತ್ತಿದ್ದರು. ಒಟ್ಟಿಗೆ ಸೇರಿದ್ದರಿಂದ ಜಗಳ ಮಾಡಲು ಬಲ ಬಂತು. ಚೆಷೈರ್ ಹೋಮ್ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳುವವರಿಗೆ ನಾನು ಎರಡೂ ಕಡೆ ತಲೆ ಆಡಿಸುತ್ತೇನೆ. ಬೆಂಗಳೂರಿನಲ್ಲಿ ವೀಲ್‌ಚೇರ್ ತೆಗೆದುಕೊಂಡು ಫುಟ್‌ಪಾತ್ ಮೇಲೆ ನೂರು ಮೀಟರ್ ಹೋಗಿ ನೋಡಿ, ಅಂಥ ಮನೆ ಇನ್ನೂ ಯಾಕೆ ಬೇಕು ಅಂತ ಗೊತ್ತಾಗುತ್ತದೆ. ಯಾಕೆ ಬೇಡವಾಗಬೇಕು ಅಂತಲೂ ಗೊತ್ತಾಗುತ್ತದೆ.

ಕೊನೆಯ ವರ್ಷಗಳಲ್ಲೂ ಚೆಷೈರ್ ಸುಮ್ಮನೆ ಕೂರಲಿಲ್ಲ. ಆ ಶತಮಾನದ ಯುದ್ಧಗಳಲ್ಲಿ ಸತ್ತ ಪ್ರತಿ ಜೀವಕ್ಕೆ 5 ಪೌಂಡ್‌ನಂತೆ ನಿಧಿ ಕೂಡಿಸಿ ವಿಪತ್ತು ಪರಿಹಾರಕ್ಕೆ ಬಳಸಬೇಕು ಅನ್ನುವ ಆಸೆ ಹೊತ್ತರು. ಅದಕ್ಕಾಗಿ 1990ರ ಜುಲೈನಲ್ಲಿ ಬರ್ಲಿನ್ ಗೋಡೆ ಇದ್ದ ಜಾಗದಲ್ಲಿ ದೊಡ್ಡ ರಾಕ್ ಸಂಗೀತ ಕಾರ್ಯಕ್ರಮ ನಡೆಯಿತು. 72 ವರ್ಷದ ಈ ಮುದುಕ ವೇದಿಕೆಗೆ ಬಂದು ಮೊದಲನೇ ಮಹಾಯುದ್ಧದ ಕಾಲದ ಸೀಟಿ ಊದಿ ಅದನ್ನು ಶುರು ಮಾಡಿದರು. ಯುವಕನಾಗಿದ್ದಾಗ ಬಾಂಬ್ ಹೊತ್ತು ಬಂದಿದ್ದ ಊರು ಅದು.

ಅದಾದ ಸ್ವಲ್ಪ ಕಾಲಕ್ಕೆ ಅವರಿಗೇ ನರಗಳು ಸೊರಗುವ ಕಾಯಿಲೆ ಬಂತು, ಮೋಟಾರ್ ನ್ಯೂರಾನ್ ಡಿಸೀಸ್. ತಾವು ಯಾರಿಗಾಗಿ ಮನೆ ಕಟ್ಟಿದರೋ ಅವರಂತೆಯೇ ವೀಲ್‌ಚೇರಿಗೆ ಬಂದರು. 1992ರ ಜುಲೈ 31ರಂದು ತೀರಿಕೊಂಡರು. ಆಗ ಸುಮಾರು 50 ದೇಶಗಳಲ್ಲಿ 270 ಮನೆಗಳಿದ್ದವು.

ಅವರನ್ನು ಸಂತ ಎಂದು ಘೋಷಿಸಬೇಕು ಅನ್ನುವ ಕೆಲಸ ಇಂಗ್ಲೆಂಡಿನ ಕ್ಯಾಥೊಲಿಕ್ ಚರ್ಚಿನಲ್ಲಿ ಕೆಲವು ವರ್ಷಗಳ ಹಿಂದೆ ಶುರುವಾಗಿದೆ. ಅದಕ್ಕೆ ಪವಾಡ ಬೇಕು, ಸಾಕ್ಷಿ ಬೇಕು, ರೋಮಿನ ಒಪ್ಪಿಗೆ ಬೇಕು. ಸಿಗಲಿ, ಸಿಗದಿರಲಿ, ನನಗೇನೂ ತಕರಾರಿಲ್ಲ. ನನ್ನ ಭಯ ಬೇರೆ. ಆ ಫೈಲು ತಯಾರು ಮಾಡುವವರು ಬಾಂಬರ್ ಪೈಲಟ್‌ನನ್ನು ಎರಡು ಪುಟಕ್ಕೆ ಇಳಿಸಿ, ನಾಗಸಾಕಿ ಪಕ್ಕದಲ್ಲಿ ಒಂದು ಕಣ್ಣೀರಿನ ಹನಿ ಸೇರಿಸಿ, ಪಾಲ್ ಹಂಟ್ ಹೆಸರನ್ನು ಬಿಟ್ಟೇ ಬಿಡುತ್ತಾರೇನೋ ಅಂತ.